ಐದು ವರ್ಷದ ಎಲೆಕ್ಟ್ರಿಕ್ ಕಾರು: ಮೋಟಾರಿನ ಸದ್ದಿಗೆ ಹೆದರಬೇಕೋ, ಕುಗ್ಗಿದ ರೇಂಜ್‌ಗೆ ಹೆದರಬೇಕೋ?

ದಾರಿಹೋಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಎಲೆಕ್ಟ್ರಿಕ್ ಕಾರಿಗೆ ಐದು ವರ್ಷ ತುಂಬಿದೆ, 92,000 ಕಿ.ಮೀ. ಓಡಿದೆ. ಇಷ್ಟು ದಿನ ಟೈರು ಮತ್ತು ವೈಪರ್ ಬ್ಲೇಡುಗಳ ಹೊರತು ಏನನ್ನೂ ಬದಲಿಸುವ ಪ್ರಸಂಗ ಬಂದಿರಲಿಲ್ಲ. ಆದರೆ ಕಳೆದ ನಾಲ್ಕು ತಿಂಗಳಲ್ಲಿ ಮೂರು ತೊಂದರೆಗಳು ಒಂದರ ಹಿಂದೊಂದು ಎದುರಾಗಿ, ಕಾರಿನ ಮೇಲೆ ಇಟ್ಟಿದ್ದ ನಂಬಿಕೆ ಅಲುಗಾಡಿದೆ.

ಮೊದಲನೆಯದಾಗಿ, ಗಂಟೆಗೆ ಸುಮಾರು 50 ಕಿ.ಮೀ. ವೇಗ ಮುಟ್ಟಿದಾಗ ಮುಂಭಾಗದಿಂದ ಸಣ್ಣಗೆ ಕೊರೆಯುವಂಥ ಒಂದು ಗುಂಯ್‌ಗುಡುವ ಸದ್ದು ಏಳುತ್ತದೆ, ವೇಗ ಹೆಚ್ಚಿದಂತೆ ಅದರ ಸ್ವರವೂ ಏರುತ್ತದೆ. ಎರಡನೆಯದಾಗಿ, ಹೊಸದರಲ್ಲಿ ಪೂರ್ತಿ ಚಾರ್ಜ್‌ಗೆ 400 ಕಿ.ಮೀ. ತೋರಿಸುತ್ತಿದ್ದ ಫಲಕ ಈಗ 350ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೂರನೆಯದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿದೆ: ರಾತ್ರಿಯಿಡೀ ಮಳೆ ಸುರಿದ ಒಂದು ಬೆಳಿಗ್ಗೆ ಇನ್ಸುಲೇಷನ್ (ವಿದ್ಯುತ್ ಸೋರಿಕೆ ತಡೆಯುವ ಹೊದಿಕೆ) ದೋಷವೆಂಬ ಎಚ್ಚರಿಕೆ ಕಾಣಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಮಾಯವಾಯಿತು. ಸರ್ವಿಸ್ ಸೆಂಟರಿನವರು ಕೋಡ್ ಅಳಿಸಿ, ಈಗ ಏನೂ ಇಲ್ಲ, ಮತ್ತೆ ಬಂದರೆ ತನ್ನಿ ಎಂದು ಹೇಳಿ ಕಾರನ್ನು ಹಿಂದಿರುಗಿಸಿದರು.

ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1,60,000 ಕಿ.ಮೀ.ವರೆಗೆ ವಾರಂಟಿ ಇದೆ. ವಯಸ್ಸಾದ ತಾಯಿಯವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆ ನಮ್ಮದು. ಆದ್ದರಿಂದ ದಾರಿಯಲ್ಲಿ ಕೈಕೊಡುವ ಕಾರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಈ ಮೂರಕ್ಕೂ ಪರಸ್ಪರ ಸಂಬಂಧವಿದೆಯೇ? ವಾರಂಟಿ ಮುಗಿಯುವ ಮೊದಲೇ ಕಾರನ್ನು ಮಾರಿಬಿಡುವುದು ಒಳ್ಳೆಯದೇ? ಬಲ್ಲವರು ದಯವಿಟ್ಟು ತಿಳಿಸಿ.

ವೈಂಡಿಂಗ್ ಕೆಲಸದವನು

ಇಪ್ಪತ್ತು ವರ್ಷ ಕಾರ್ಖಾನೆಗಳ ಮೋಟಾರುಗಳನ್ನು ಬಿಚ್ಚಿ ಕಟ್ಟಿದವನು ನಾನು. ಈಚಿನ ವರ್ಷಗಳಲ್ಲಿ ಕಾರಿನ ಮೋಟಾರುಗಳೂ ಕೈಗೆ ಬರುತ್ತಿವೆ. ನಿಮ್ಮ ಸದ್ದಿನ ಬಗ್ಗೆ ಮೊದಲು ಹೇಳುತ್ತೇನೆ.

ಎಲೆಕ್ಟ್ರಿಕ್ ಕಾರಿನ ಮೋಟಾರಿನಲ್ಲಿ ತಾಮ್ರದ ಸುರುಳಿ ಸುಟ್ಟುಹೋದದ್ದನ್ನು ನಾನು ಕಂಡಿರುವುದು ಬಹಳ ಅಪರೂಪ. ಕೆಡುವುದು ಬೇರಿಂಗ್, ಸೀಲ್, ಗೇರುಗಳ ಹಲ್ಲು ಮತ್ತು ಇನ್ವರ್ಟರ್ (ಬ್ಯಾಟರಿಯ ನೇರ ವಿದ್ಯುತ್ತನ್ನು, ಅಂದರೆ ಡಿಸಿಯನ್ನು, ಮೋಟಾರಿಗೆ ಬೇಕಾದ ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಸಾಧನ). ಬೇರಿಂಗ್ ಕೆಡಲು ಸವೆತವೊಂದೇ ಕಾರಣವಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕತ್ತರಿಸಿ ಜೋಡಿಸುವುದರಿಂದ ಮೋಟಾರಿನ ಶಾಫ್ಟ್ ಮೇಲೆ ಸಣ್ಣ ವೋಲ್ಟೇಜ್ ಸೇರಿಕೊಳ್ಳುತ್ತದೆ. ಅದು ಬೇರಿಂಗಿನ ಗುಂಡುಗಳ ನಡುವಿನ ತೆಳುವಾದ ಎಣ್ಣೆಪದರವನ್ನು ಸೀಳಿಕೊಂಡು ಹರಿದಾಗ ಕಣ್ಣಿಗೆ ಕಾಣದ ಕಿಡಿಗಳು ಹುಟ್ಟಿ, ಉಂಗುರದ ಮೇಲೆ ಸಣ್ಣ ಸಣ್ಣ ಕುಳಿಗಳಾಗುತ್ತವೆ. ಕಾಲಕ್ರಮೇಣ ಆ ಕುಳಿಗಳು ತೊಳೆಯುವ ಹಲಗೆಯ ಏಣುಗಳಂತೆ ಸಾಲುಗಟ್ಟುತ್ತವೆ, ಆಗ ನೀವು ಹೇಳುವಂಥ ಸದ್ದು ಬರುತ್ತದೆ. ಇದನ್ನು ತಡೆಯಲು ಕೆಲವು ತಯಾರಕರು ಸೆರಾಮಿಕ್ ಗುಂಡುಗಳ ಬೇರಿಂಗ್ ಬಳಸುತ್ತಾರೆ, ಕೆಲವರು ಶಾಫ್ಟಿಗೆ ಅರ್ಥಿಂಗ್ ಬ್ರಷ್ ಅಥವಾ ಉಂಗುರ ಕೂರಿಸುತ್ತಾರೆ. ಟೆಸ್ಲಾ ಮಾಡೆಲ್ ಎಸ್ ಕಾರಿನ ಮೊದಲ ವರ್ಷಗಳಲ್ಲಿ ಡ್ರೈವ್ ಯೂನಿಟ್ (ಮೋಟಾರು, ಗೇರು, ಇನ್ವರ್ಟರ್ ಒಟ್ಟಾಗಿರುವ ಘಟಕ) ಸದ್ದು ಮಾಡುತ್ತದೆಂಬ ದೂರುಗಳು ಎಷ್ಟು ಬಂದಿದ್ದವೆಂದರೆ, ಹಲವು ಮಾಲೀಕರ ಕಾರಿನಲ್ಲಿ ಇಡೀ ಘಟಕವನ್ನೇ ಬದಲಿಸಬೇಕಾಯಿತು; 2014ರಲ್ಲಿ ಆ ಕಂಪನಿ ಅದರ ವಾರಂಟಿಯನ್ನು ಕಿಲೋಮೀಟರ್ ಮಿತಿಯಿಲ್ಲದೆ 8 ವರ್ಷಕ್ಕೆ ವಿಸ್ತರಿಸಿತು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ 60ರ ವೇಗಕ್ಕೆ ಹೋಗಿ, ನ್ಯೂಟ್ರಲ್‌ಗೆ ಹಾಕಿ ಕಾರನ್ನು ತಾನಾಗಿ ಉರುಳಲು ಬಿಡಿ. ಈ ಕಾರುಗಳಲ್ಲಿ ಕ್ಲಚ್ ಇರುವುದಿಲ್ಲವಾದ್ದರಿಂದ ಚಕ್ರದ ಜೊತೆಗೆ ಮೋಟಾರೂ ತಿರುಗುತ್ತಲೇ ಇರುತ್ತದೆ. ಗೇರ್ ಅನುಪಾತ ಸುಮಾರು 9 ಎಂದು ಹಿಡಿದರೆ, 50 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಮೂರೂಮುಕ್ಕಾಲು ಸಾವಿರ ಸುತ್ತು ಹಾಕುತ್ತದೆ. ನ್ಯೂಟ್ರಲ್‌ನಲ್ಲೂ ಸದ್ದು ಹಾಗೆಯೇ ಉಳಿದರೆ ಅನುಮಾನ ಬೇರಿಂಗಿನ ಮೇಲೆ. ಆಕ್ಸಿಲರೇಟರ್ ಒತ್ತಿದಾಗ ಮತ್ತು ರೀಜೆನ್ ಆಗುವಾಗ (ವೇಗ ತಗ್ಗುವಾಗ ಮೋಟಾರೇ ಬ್ಯಾಟರಿಗೆ ಚಾರ್ಜ್ ಮರಳಿಸುವಾಗ) ಮಾತ್ರ ಬಂದರೆ ಗೇರಿನ ಹಲ್ಲುಗಳ ಮೇಲೆ. ತಿರುವಿನಲ್ಲಿ ಒಂದು ಕಡೆಗೆ ವಾಲಿದಾಗ ಹೆಚ್ಚಿ ಇನ್ನೊಂದು ಕಡೆಗೆ ವಾಲಿದಾಗ ಕಡಿಮೆಯಾದರೆ ಅದು ಚಕ್ರದ ಬೇರಿಂಗ್. ಮೋಟಾರಿಗೆ ಸಂಬಂಧವೇ ಇಲ್ಲ.

ಇದಾದ ಮೇಲೆ ಗೇರ್‌ಬಾಕ್ಸಿನ ಎಣ್ಣೆಯನ್ನು ಬಸಿದು ತೋರಿಸುವಂತೆ ಕೇಳಿ. ಆಯಸ್ಕಾಂತವಿರುವ ಬಸಿಯುವ ಬೋಲ್ಟಿಗೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚಕ್ಕೆಗಳಿದ್ದರೆ ವಾರಂಟಿಯಲ್ಲಿ ದುರಸ್ತಿ ಕೇಳಲು ನಿಮಗೆ ಗಟ್ಟಿ ಆಧಾರ ಸಿಕ್ಕಂತೆ.

ಕೋಡ್ ಅಳಿಸಿ ಕಳುಹಿಸಿದ್ದು ನನಗೆ ಸರಿಯೆನಿಸಲಿಲ್ಲ. ಹೈವೋಲ್ಟೇಜ್ ವ್ಯವಸ್ಥೆ ಮತ್ತು ಕಾರಿನ ಲೋಹದ ಮೈ ಇವುಗಳ ನಡುವಿನ ರೋಧ, ಅಂತರರಾಷ್ಟ್ರೀಯ ನಿಯಮದಂತೆ, ಡಿಸಿ ಭಾಗದಲ್ಲಿ ಪ್ರತಿ ವೋಲ್ಟ್‌ಗೆ ಕನಿಷ್ಠ 100 ಓಮ್ ಇರಬೇಕು. 400 ವೋಲ್ಟ್ ಕಾರಿಗೆ ಅದು 40,000 ಓಮ್ ಆಗುತ್ತದೆ. ಆರೋಗ್ಯವಂತ ಕಾರಿನಲ್ಲಿ ಅಳೆದರೆ ಇದಕ್ಕಿಂತ ಬಹುಪಟ್ಟು ಹೆಚ್ಚು ಬರುತ್ತದೆ. ಮಳೆಯ ಮರುದಿನ ಬಂದು ಒಣಗಿದ ಮೇಲೆ ಹೋಯಿತೆಂದರೆ ಯಾವುದೋ ಕನೆಕ್ಟರಿಗೋ, ಹೀಟರಿಗೋ, ಎ.ಸಿ. ಕಂಪ್ರೆಸರಿಗೋ ತೇವ ಸೇರಿರುವ ಸಂಭವ ಹೆಚ್ಚು. ರೋಧದ ಅಳತೆಯನ್ನು ಬರಹದಲ್ಲಿ ಪಡೆಯಿರಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ನೀವಾಗಿ ಎಂದಿಗೂ ಮುಟ್ಟಬೇಡಿ.

ಕೋಶಗಣಿತ

ಬ್ಯಾಟರಿಯ ಬಗ್ಗೆ ನಾನು ಬರೆಯುತ್ತೇನೆ. ಬ್ಯಾಟರಿ ಮುಪ್ಪಾಗುವುದು ಬೇರೆ, ಕೆಡುವುದು ಬೇರೆ. ಮುಪ್ಪು ನಿಧಾನವಾಗಿ, ಬ್ಯಾಟರಿ ಪ್ಯಾಕಿನೊಳಗಿನ ಎಲ್ಲ ಸೆಲ್‌ಗಳಿಗೂ ಹೆಚ್ಚುಕಡಿಮೆ ಒಟ್ಟಾಗಿ ಬರುತ್ತದೆ. ದೋಷ ಹಾಗಲ್ಲ, ಅದು ಒಂದೆರಡು ಸೆಲ್‌ಗಳಲ್ಲಿ ಹುಟ್ಟಿ ಇಡೀ ಪ್ಯಾಕನ್ನು ಕೆಳಗೆಳೆಯುತ್ತದೆ.

ಫಲಕದ ಮೇಲಿನ ಕಿಲೋಮೀಟರ್ ಅಂಕಿಯನ್ನು ಬ್ಯಾಟರಿಯ ಅಳತೆಯೆಂದು ತಿಳಿಯಬೇಡಿ. ಈಚೆಗೆ ನೀವು ಹೇಗೆ ಓಡಿಸಿದ್ದೀರಿ ಎಂಬುದರ ಮೇಲೆ ಕಾರು ಮಾಡುವ ಊಹೆ ಅದು. ಇದಕ್ಕಿಂತ ನಂಬಬಹುದಾದ ಲೆಕ್ಕ ಹೀಗಿದೆ: ಚಾರ್ಜ್ 90 ಶೇಕಡಾದಿಂದ 20 ಶೇಕಡಾಕ್ಕೆ ಇಳಿಯುವವರೆಗೆ ಒಂದೇ ದಿನ ಓಡಿಸಿ, ಆ ಪ್ರಯಾಣದಲ್ಲಿ ಖರ್ಚಾದ ವಿದ್ಯುತ್ (ಕಿಲೋವ್ಯಾಟ್-ಗಂಟೆ) ಯೂನಿಟ್‌ಗಳನ್ನು 0.7ರಿಂದ ಭಾಗಿಸಿ. 31 ಯೂನಿಟ್ ಖರ್ಚಾಗಿದ್ದರೆ ಪ್ಯಾಕಿನಲ್ಲಿ ಬಳಸಲು ಸಿಗುವುದು ಸುಮಾರು 44 ಯೂನಿಟ್ ಎಂದಾಯಿತು. ಹೊಸದರಲ್ಲಿ ಅದು 50 ಇದ್ದರೆ, ಈಗ ಉಳಿದಿರುವುದು 88 ಶೇಕಡಾ.

ನಿಮ್ಮ ಕಾರಿಗೆ ಹಾಗೆಯೇ ಬಂದರೂ ಗಾಬರಿಪಡುವ ಕಾರಣವಿಲ್ಲ. ಜಿಯೋಟ್ಯಾಬ್ ಎಂಬ ಸಂಸ್ಥೆ 2019ರಲ್ಲಿ ಸುಮಾರು 6,300 ವಾಹನಗಳ ಮಾಹಿತಿಯನ್ನು ಪರಿಶೀಲಿಸಿದಾಗ ವರ್ಷಕ್ಕೆ ಸರಾಸರಿ 2.3 ಶೇಕಡಾ ಸಾಮರ್ಥ್ಯ ಕುಗ್ಗುವುದು ಕಂಡುಬಂದಿತ್ತು. 2024ರ ವಿಶ್ಲೇಷಣೆಯಲ್ಲಿ ಅದು 1.8 ಶೇಕಡಾಕ್ಕೆ ಇಳಿಯಿತು. ಐದು ವರ್ಷಕ್ಕೆ ಹನ್ನೆರಡು ಶೇಕಡಾ ಎಂಬುದು ಹಳೆಯ ಸರಾಸರಿಯ ಹತ್ತಿರಕ್ಕೇ ಬರುತ್ತದೆ. ಮೊದಲ ವರ್ಷದಲ್ಲಿ ಇಳಿತ ತುಸು ಜೋರಾಗಿ, ಆಮೇಲೆ ಮಂದವಾಗುವುದು ಲಿಥಿಯಂ ಸೆಲ್‌ನ ಸ್ವಭಾವ. ಋಣಧ್ರುವದ ಮೇಲೆ ಕಟ್ಟಿಕೊಳ್ಳುವ ಪದರ ಆರಂಭದಲ್ಲಿ ಬೇಗ ಬೆಳೆಯುತ್ತ ಲಿಥಿಯಂ ಅನ್ನು ನುಂಗುತ್ತದೆ, ದಪ್ಪವಾದಂತೆ ಅದರ ಬೆಳವಣಿಗೆ ನಿಧಾನವಾಗುತ್ತದೆ.

ಸೆಲ್‌ನ ದೊಡ್ಡ ಶತ್ರು ಬಿಸಿ. 2010ರ ಕೊನೆಗೆ ಬಂದ ನಿಸಾನ್ ಲೀಫ್ ಕಾರಿನ 24 ಯೂನಿಟ್‌ಗಳ ಪ್ಯಾಕಿಗೆ ದ್ರವದಿಂದ ತಂಪುಮಾಡುವ ಏರ್ಪಾಡು ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಸುಡುಬಿಸಿಲಿನ ಪ್ರದೇಶದಲ್ಲಿ 2012ರ ವೇಳೆಗೇ ಮಾಲೀಕರು ಸಾಮರ್ಥ್ಯ ಕುಸಿಯುತ್ತಿದೆಯೆಂದು ದೂರಿದರು. ಮರುವರ್ಷ ಕಂಪನಿ, ಫಲಕದಲ್ಲಿ ಸಾಮರ್ಥ್ಯ ತೋರಿಸುವ ಹನ್ನೆರಡು ಪಟ್ಟಿಗಳಲ್ಲಿ ಒಂಬತ್ತಕ್ಕಿಂತ ಕಡಿಮೆ ಉಳಿದರೆ ದುರಸ್ತಿ ಮಾಡಿಕೊಡುವ ಹೊಸ ವಾರಂಟಿಯನ್ನು ನೀಡಬೇಕಾಯಿತು. ಆದ್ದರಿಂದ ಪೂರ್ತಿ ಚಾರ್ಜ್ ಮಾಡಿ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸುವುದನ್ನು ತಪ್ಪಿಸಿ. ಎನ್ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಸೆಲ್‌ಗಳಾದರೆ ದಿನನಿತ್ಯಕ್ಕೆ 80 ಶೇಕಡಾ ಸಾಕು. ಎಲ್ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳಾದರೆ ಅವುಗಳ ವೋಲ್ಟೇಜ್ ಬಹುದೂರದವರೆಗೆ ಒಂದೇ ಮಟ್ಟದಲ್ಲಿರುವುದರಿಂದ ಬಿಎಂಎಸ್ (ಬ್ಯಾಟರಿಯನ್ನು ನಿಯಂತ್ರಿಸುವ ವ್ಯವಸ್ಥೆ) ಲೆಕ್ಕ ತಪ್ಪುತ್ತದೆ. ವಾರಕ್ಕೊಮ್ಮೆಯಾದರೂ 100 ಶೇಕಡಾ ತುಂಬಿಸಬೇಕಾಗುತ್ತದೆ.

ನೀವು ನೋಡಲೇಬೇಕಾದ ಅಂಕಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜ್ ಇರುವ ಸೆಲ್‌ಗಳ ನಡುವಿನ ಅಂತರ. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಸಾಧನ ಜೋಡಿಸಿದರೆ ಮೊಬೈಲಿನಲ್ಲೇ ಕಾಣುತ್ತದೆ. ಚಾರ್ಜ್ ಕಡಿಮೆಯಿದ್ದಾಗ, ಅಂದರೆ 15 ಶೇಕಡಾದ ಸುತ್ತಮುತ್ತ, ನೋಡಬೇಕು. ದುರ್ಬಲ ಸೆಲ್ ತನ್ನನ್ನು ತೋರಿಸಿಕೊಳ್ಳುವುದು ಆಗಲೇ. ಶೇಕಡಾವಾರು ಅಂಕಿ 20ರಿಂದ ಒಮ್ಮೆಲೇ 10ಕ್ಕೆ ಜಿಗಿಯುವುದೂ ಇದೇ ರೋಗದ ಲಕ್ಷಣ. ಸಾಮರ್ಥ್ಯ ಎಷ್ಟಕ್ಕಿಂತ ಕುಗ್ಗಿದರೆ ದುರಸ್ತಿ ಸಿಗುತ್ತದೆಂಬ ವಾರಂಟಿಯ 70 ಶೇಕಡಾ ಮಿತಿಯನ್ನು ನೀವು ಮುಟ್ಟಲಾರಿರಿ, ಆದರೆ ಸೆಲ್ ದೋಷ ಆ ಮಿತಿಗೆ ಕಾಯದೆಯೂ ಬರಬಹುದು. 2021ರಲ್ಲಿ ಷೆವ್ರೊಲೆ ಬೋಲ್ಟ್ ಕಾರುಗಳನ್ನೆಲ್ಲ ಹಿಂದಕ್ಕೆ ಕರೆದದ್ದು ಬೆಂಕಿಯ ಅಪಾಯದಿಂದ. ಹರಿದ ಆನೋಡ್ (ಋಣಧ್ರುವ) ಪಟ್ಟಿ, ಮಡಿಚಿಕೊಂಡ ಸೆಪರೇಟರ್ (ಎರಡು ಧ್ರುವಗಳನ್ನು ಬೇರೆಯಾಗಿಡುವ ಹಾಳೆ), ಈ ಎರಡು ತಯಾರಿಕಾ ದೋಷಗಳು ಒಂದೇ ಸೆಲ್‌ನಲ್ಲಿ ಕೂಡಿಬಂದಾಗ ಆ ಅಪಾಯವಿತ್ತು. ಅದಕ್ಕೂ ಮುಪ್ಪಿಗೂ ಸಂಬಂಧವಿರಲಿಲ್ಲ.

ಎರಡನೆಯ ಒಡತಿ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ತಾಯಿಯವರನ್ನು ಕರೆದೊಯ್ಯುವಾಗ ದಾರಿಯಲ್ಲಿ ನಿಲ್ಲಬಾರದು ಎಂಬುದು ನಿಮ್ಮ ಮುಖ್ಯ ಚಿಂತೆಯಾಗಿದ್ದರೆ, ಇನ್ನೊಂದು ಭಾಗವನ್ನೂ ನೋಡಿಸಿ.

ನಾನು ಬಳಸಿದ ಕಾರನ್ನು ಕೊಂಡವಳು. ಕೊಳ್ಳುವಾಗ ದೊಡ್ಡ ಬ್ಯಾಟರಿಯ ಆರೋಗ್ಯದ ವರದಿಯನ್ನು ಮೂರು ಸಲ ಓದಿದ್ದೆ. ಒಂದು ಸಂಜೆ, 64 ಶೇಕಡಾ ಚಾರ್ಜ್ ಇರುವಾಗಲೇ, ಕಾರು ಎಚ್ಚರವಾಗಲೇ ಇಲ್ಲ, ಬಾಗಿಲೂ ತೆರೆಯಲಿಲ್ಲ. ಸತ್ತಿದ್ದುದು 12 ವೋಲ್ಟಿನ ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಕಾಂಟ್ಯಾಕ್ಟರುಗಳನ್ನು ಮುಚ್ಚುವುದಕ್ಕೂ, ಕಾರಿನ ಕಂಪ್ಯೂಟರುಗಳು ಏಳುವುದಕ್ಕೂ ಬೇಕಾದ ವಿದ್ಯುತ್ತು ಬರುವುದು ಆ ಸಣ್ಣ ಬ್ಯಾಟರಿಯಿಂದ. ಅದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರ್ ಕೆಟ್ಟರೂ ಫಲಿತಾಂಶ ಇದೇ. ಹ್ಯುಂಡೈ ಮತ್ತು ಕಿಯಾ ಕಂಪನಿಗಳು 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಹಲವು ಮಾದರಿಗಳನ್ನು ಹಿಂದಕ್ಕೆ ಕರೆದದ್ದೂ 12 ವೋಲ್ಟ್ ಬ್ಯಾಟರಿಯನ್ನು ಚಾರ್ಜ್ ಮಾಡುವ ನಿಯಂತ್ರಣ ಘಟಕದ ದೋಷಕ್ಕಾಗಿಯೇ. ನಿಮ್ಮ ಕಾರಿನ 12 ವೋಲ್ಟ್ ಬ್ಯಾಟರಿ ಐದು ವರ್ಷದ್ದೇ ಆಗಿದ್ದರೆ, ಅದು ಕೇಳುವ ಮೊದಲೇ ಬದಲಿಸಿಬಿಡಿ.

ಮಾರುವ ವಿಚಾರಕ್ಕೆ ಬಂದರೆ, ಕಾರಣ ತಿಳಿಯದ ಸದ್ದಿರುವ ಕಾರನ್ನು ಮತ್ತೊಬ್ಬರ ಕೈಗೆ ದಾಟಿಸಬೇಡಿ ಎಂದು ಕೊಂಡವಳಾಗಿ ಕೇಳಿಕೊಳ್ಳುತ್ತೇನೆ. ವಾರಂಟಿ ಇನ್ನೂ ಮೂರು ವರ್ಷವಿದೆ. ಸದ್ದನ್ನು ದಿನಾಂಕ ಸಮೇತ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಪ್ರತಿ ಭೇಟಿಯ ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನಿಮ್ಮದೇ ಮಾತಿನಲ್ಲಿ ಬರೆಸಿ. ವಾರಂಟಿಯ ಅವಧಿಯಲ್ಲೇ ದೂರು ದಾಖಲಾಗಿತ್ತು ಎಂಬ ಒಂದೇ ಆಧಾರದಿಂದ ನನ್ನ ಕನ್ವರ್ಟರಿನ ದುರಸ್ತಿ ಉಚಿತವಾಗಿ ಆಯಿತು.

ದಾರಿಹೋಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಆರು ವಾರಗಳ ನಂತರ ಬರೆಯುತ್ತಿದ್ದೇನೆ.

ನ್ಯೂಟ್ರಲ್‌ನಲ್ಲೂ ಸದ್ದು ಹಾಗೆಯೇ ಇತ್ತು, ತಿರುವುಗಳಲ್ಲಿ ಬದಲಾಗಲಿಲ್ಲ. ಅದನ್ನು ರೆಕಾರ್ಡ್ ಮಾಡಿ, ಎಣ್ಣೆಯನ್ನು ನನ್ನೆದುರೇ ಬಸಿಯುವಂತೆ ಕೇಳಿದಾಗ ಸರ್ವಿಸ್ ಸೆಂಟರಿನವರು ಮೊದಲು ಹಿಂಜರಿದರು, ಆಮೇಲೆ ಒಪ್ಪಿದರು. ಬೋಲ್ಟಿನ ಮೇಲೆ ಕೆಸರಿನ ಜೊತೆಗೆ ಹೊಳೆಯುವ ಚಕ್ಕೆಗಳೂ ಇದ್ದವು. ಡ್ರೈವ್ ಯೂನಿಟ್ಟನ್ನು ವಾರಂಟಿಯಲ್ಲಿ ಬದಲಿಸಿಕೊಟ್ಟಿದ್ದಾರೆ. ಬ್ಯಾಟರಿಯ ಲೆಕ್ಕ 89 ಶೇಕಡಾ ಬಂತು. 14 ಶೇಕಡಾ ಚಾರ್ಜ್ ಇರುವಾಗ ಸೆಲ್‌ಗಳ ನಡುವಿನ ಅಂತರ ಕೇವಲ 16 ಮಿಲಿವೋಲ್ಟ್ ಇತ್ತು. 12 ವೋಲ್ಟ್ ಬ್ಯಾಟರಿ ಹೊಸದು ಹಾಕಿಸಿದೆ.

ಮಳೆಯ ದಿನದ ಎಚ್ಚರಿಕೆಯ ಮೂಲ ಮಾತ್ರ ಸಿಕ್ಕಿಲ್ಲ. ರೋಧವನ್ನು ಅಳೆದು ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟಿದ್ದಾರೆ, ಒಣಗಿದ ಸ್ಥಿತಿಯಲ್ಲಿ ಅದು ಮಿತಿಗಿಂತ ಬಹಳ ಮೇಲಿದೆ. ಮುಂದಿನ ಸಲ ಎಚ್ಚರಿಕೆ ಬಂದ ದಿನವೇ, ಒಣಗಲು ಬಿಡದೆ, ಕಾರನ್ನು ಎಳೆಸಿಕೊಂಡು ಹೋಗಿ ಅಳೆಸುವುದೆಂದು ಅವರೊಂದಿಗೆ ಮಾತಾಗಿದೆ. ಅಲ್ಲಿಯವರೆಗೆ ಕಾರನ್ನು ಮಾರುವುದಿಲ್ಲ.