ಹತ್ತು ನಿಮಿಷಕ್ಕೆ ಸರಿಹೋಯ್ತು ಅಂತ ಮನೇಲಿ ಕೂರ್ಬೇಡಿ

ಅತ್ತೆ, ನಿಮ್ಮ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಕೇಳಿ. ಬೆಳಗ್ಗೆ ತಿಂಡಿ ಹೊತ್ತಲ್ಲಿ ಮಾವನ ಬಲಗೈಯಿಂದ ಕಾಫಿ ಲೋಟ ಜಾರ್ತು, ಮಾತು ತೊದಲ್ತು, ಹತ್ತು ನಿಮಿಷಕ್ಕೆಲ್ಲಾ ಸರಿಹೋಯ್ತು, ಪಿತ್ತ ಇರ್ಬೇಕು, ನಾಳೆ ಡಾಕ್ಟರಿಗೆ ತೋರಿಸ್ತೀವಿ ಅಂತ ಬರ್ದಿದೀರಲ್ಲ. ಪಿತ್ತಕ್ಕೆ ಒಂದೇ ಕಡೆ ಕೈ ಸೋಲಲ್ಲ ಅತ್ತೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ತಾನಾಗೇ ಕರಗಿಬಿಟ್ರೆ ಹೀಗೇ ಬಂದು ಹೀಗೇ ಹೋಗುತ್ತೆ. ಮಿನಿ ಸ್ಟ್ರೋಕ್ ಅಂತಾರೆ, ಟಿಐಎ ಅಂತ್ಲೂ ಅಂತಾರೆ. ಇದಾದ ಮೇಲೆ ದೊಡ್ಡ ಲಕ್ವ ಹೊಡೆಯೋ ಭಯ ಜಾಸ್ತಿ ಇರೋದು ಮೊದಲ 48 ಗಂಟೆಯಲ್ಲೇ. ಅದಕ್ಕೇ ನಾಳೆ ಬೇಡ, ಈಗ್ಲೇ ಹೊರಡಿ. ನೀವಿರೋದು ಜಯನಗರ, ನಿಮ್ಹಾನ್ಸ್ ಹತ್ರಾನೇ ಇದೆ, ಭಾನುವಾರಾನೂ ಎಮರ್ಜೆನ್ಸಿ ತೆರೆದಿರುತ್ತೆ.

ಚಿಕ್ಕಮ್ಮ, ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೀರಿ ಅನ್ನೋ ಫಾರ್ವರ್ಡ್ ಹಾಕಿದೀರಿ. ಕಾಳಜಿಯಿಂದ ಹಾಕಿದೀರಿ, ಗೊತ್ತು. ಆದ್ರೆ ಡಿಲೀಟ್ ಮಾಡಿಬಿಡಿ. ಬೆರಳಿಂದ ಎರಡು ಹನಿ ಹೋದ್ರೆ ಮೆದುಳಲ್ಲಿರೋ ಹೆಪ್ಪು ಕರಗಲ್ಲ, ಹೊತ್ತು ಹಾಳಾಗುತ್ತೆ. ಆಸ್ಪಿರಿನ್ನೂ ನೀವಾಗೇ ಕೊಡ್ಬೇಡಿ. ಹೆಪ್ಪುಗಟ್ಟಿದ್ಯೋ, ರಕ್ತನಾಳ ಒಡೆದು ರಕ್ತಸ್ರಾವ ಆಗಿದ್ಯೋ ಅಂತ ಗೊತ್ತಾಗೋದು ಸಿಟಿ ಸ್ಕ್ಯಾನಲ್ಲಿ. ಒಡೆದಿದ್ರೆ ಆ ಮಾತ್ರೆ ಕೆಟ್ಟದ್ದೇ ಮಾಡುತ್ತೆ.

ಎಲ್ಲರೂ ಕೇಳಿಸ್ಕೊಳ್ಳಿ, ಯಾರಿಗಾದ್ರೂ ಅನುಮಾನ ಬಂದ್ರೆ ನಗೋಕೆ ಹೇಳಿ, ಬಾಯಿ ಒಂದು ಕಡೆ ಸೊಟ್ಟ ಆಗುತ್ತಾ ನೋಡಿ. ಎರಡೂ ಕೈ ಮುಂದಕ್ಕೆ ಚಾಚಿಸಿ, ಒಂದು ಕೆಳಗೆ ಜಾರುತ್ತಾ ನೋಡಿ. ಒಂದು ವಾಕ್ಯ ಹೇಳಿಸಿ. ಇದ್ದಕ್ಕಿದ್ದಂಗೆ ಕಣ್ಣು ಮಂಜಾಗೋದು, ನಡೆಯೋವಾಗ ವಾಲೋದೂ ಸೇರುತ್ತೆ. ಒಂದಿದ್ರೂ ಸಾಕು, 108ಕ್ಕೆ ಫೋನ್ ಮಾಡಿ. ನೀರು, ಕಾಫಿ ಏನೂ ಕುಡಿಸ್ಬೇಡಿ, ನುಂಗೋಕಾಗದೆ ಶ್ವಾಸಕೋಶಕ್ಕೆ ಹೋಗಿಬಿಡುತ್ತೆ. ಮೂಲೆ ನರ್ಸಿಂಗ್ ಹೋಮಲ್ಲಿ ಡ್ರಿಪ್ ಹಾಕಿಸ್ಕೊಂಡು ಕೂರ್ಬೇಡಿ, ಸ್ಕ್ಯಾನ್ ಇರೋ ದೊಡ್ಡ ಆಸ್ಪತ್ರೆಗೇ ಹೋಗಿ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆ ಒಳಗೇ ಕೊಡೋದು, ಅದರಲ್ಲೂ ಬೇಗ ಆದಷ್ಟೂ ಒಳ್ಳೇದು. ನಮ್ಮೂರ ಟ್ರಾಫಿಕ್ಕೂ, ಸ್ಕ್ಯಾನೂ ಎಲ್ಲಾ ಆ ಲೆಕ್ಕದೊಳಗೇ ಬರುತ್ತೆ. ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಡಾಕ್ಟರು ಮೊದಲು ಕೇಳ್ತಾರೆ, ಬರ್ದಿಟ್ಕೊಳ್ಳಿ. ನಿದ್ದೆಯಿಂದ ಏಳೋವಾಗ್ಲೇ ಹಾಗಿದ್ರೆ, ಕೊನೇ ಸಲ ಚೆನ್ನಾಗಿದ್ದಿದ್ದು ಯಾವಾಗ ಅನ್ನೋದು ಲೆಕ್ಕ.

ಇನ್ನೊಂದು ಮಾತು ಅತ್ತೆ. ಹೋದ ಸಲ ಬಂದಾಗ ಫ್ರಿಜ್ ಮೇಲೆ ಮಾವನ ಬಿಪಿ ಮಾತ್ರೆ ನೋಡಿದೆ. ಶೀಟು ತುಂಬಿದ ಹಾಗೇ ಇತ್ತು, ಮೇಲೆ ಧೂಳು. 'ಬಿಪಿ ನಾರ್ಮಲ್ ಬಂತು, ಬಿಟ್ಬಿಟ್ಟೆ' ಅಂದ್ರು. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ! ಡಾಕ್ಟರು ಹೇಳದೆ ನಿಲ್ಲಿಸೋ ಮಾತ್ರೆ ಅಲ್ಲ ಅದು. ಲಕ್ವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿಪಿನೇ, ತಲೆನೋವು ಬರದೆ, ಸುಸ್ತೂ ಆಗದೆ ಏರುತ್ತೆ. ಉಪ್ಪಿನಕಾಯಿ, ಹಪ್ಪಳ, ಸಾರಿನ ಉಪ್ಪು ಎಲ್ಲಾ ಸೇರಿ ದಿನಕ್ಕೆ 5 ಗ್ರಾಂ ದಾಟಬಾರದು, ಅಂದ್ರೆ ಒಂದು ಟೀ ಚಮಚ. ಸಕ್ಕರೆ ಕಾಯಿಲೆ, ಸಿಗರೇಟು ಇರೋರು ಇನ್ನೂ ಹುಷಾರಾಗಿರ್ಬೇಕು. ನಾಡಿ ಏರುಪೇರಾಗಿದ್ರೆ ಇಸಿಜಿ ಮಾಡಿಸಿ, ಹೃದಯದಿಂದಲೂ ಹೆಪ್ಪು ಬರುತ್ತೆ.

ಸರಿ, ಆ ಮಾತ್ರೆ ಶೀಟು, ಹಳೇ ರಿಪೋರ್ಟು, ಆಧಾರ್ ಕಾರ್ಡು ಒಂದು ಕವರಿಗೆ ಹಾಕ್ಕೊಳ್ಳಿ. ಗಾಡಿ ಮಾವ ಓಡಿಸೋದು ಬೇಡ. ಮಾವ ಬರಲ್ಲ ಅಂದ್ರೆ ಫೋನ್ ಅವರ ಕೈಗೆ ಕೊಡಿ, ನಾನೇ ಮಾತಾಡ್ತೀನಿ.