ಪದ ಬೇಕು, ಸ್ವಲ್ಪ ಅರ್ಜೆಂಟು: ಹ್ವಾಂಗೆ ಕಾಡಿನ 'ಪ್ಯಾನ್'

ಎಲ್ಲರಿಗೂ ನಮಸ್ಕಾರ. ನಿವೃತ್ತ ಮೇಷ್ಟ್ರುಗಳ ನಮ್ಮ ಗುಂಪು ಆಗಸ್ಟಿನಲ್ಲಿ ಜಿಂಬಾಬ್ವೆಗೆ ಹೊರಟಿದೆ. ಪ್ರವಾಸದ ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂದಿದೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು.

ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಬಹುಪಾಲು ಕಲಹರಿ ಮರಳಿನ ನೆಲ. ವರ್ಷವಿಡೀ ಹರಿಯುವ ಹೊಳೆ ಇಲ್ಲ. ಮಳೆನೀರು ನಿಲ್ಲುವ ತಗ್ಗುಗಳಿಗೆ ಅಲ್ಲಿ 'ಪ್ಯಾನ್' ಅನ್ನುತ್ತಾರೆ. ಒಣ ತಿಂಗಳುಗಳಲ್ಲಿ ಅವುಗಳಲ್ಲಿ ಹಲವಕ್ಕೆ ಬೋರ್‌ವೆಲ್ ನೀರು ಬಿಡುತ್ತಾರೆ. ಆನೆ ಹಿಂಡುಗಳು ಬರುವುದೂ ಅಲ್ಲಿಗೇ. ಹೀಗಾಗಿ ಪುಟಕ್ಕೆ ನಾಲ್ಕು ಸಲ ಈ ಪದ. 'ಕಟ್ಟೆ' ಅಂತ ಹಾಕಿದ್ದೇನೆ. ನಡೆಯುತ್ತಾ? ಅಲ್ಲಿನ ಹಳೆಯ ಕಲ್ಲಿನ ಪಟ್ಟಣ ಗ್ರೇಟ್ ಜಿಂಬಾಬ್ವೆಯ 'ರೂಯಿನ್ಸ್'ಗೆ 'ಹಾಳು' ಅಂತ ಹಾಕಿದ್ದೇನೆ, ಹಾಳು ಹಂಪೆ ಅನ್ನುತ್ತೇವಲ್ಲ, ಹಾಗೆ.

ಕೋಲಾರದಿಂದ:
ನಡೆಯುವುದಿಲ್ಲ. ಕಟ್ಟಿದ್ದು ಕಟ್ಟೆ. ಪ್ಯಾನಿಗೆ ಏರಿಯೂ ಇಲ್ಲ, ತೂಬೂ ಇಲ್ಲ. ನೆಲ ತಾನೇ ತಗ್ಗಾದದ್ದು. ಆನೆಗಳು ಹೊರಳಾಡಿ, ಮೈಗೆ ಕೆಸರು ಮೆತ್ತಿಕೊಂಡು ಹೋಗಿ ಹೋಗಿ ಇನ್ನಷ್ಟು ಆಳವಾಗಿರುತ್ತದೆ. ನಮ್ಮಲ್ಲಿ 'ಕುಂಟೆ' ಅನ್ನುತ್ತೇವೆ. ಅದನ್ನು ಹಾಕಿ. ಹಾಗೇ 'ಸಫಾರಿ' ತೆಗೆದು 'ಕಾಡುಸುತ್ತು' ಮಾಡಿ.

ಹಾವೇರಿಯಿಂದ:
ನಮ್ಮ ಕಡೆ ಕುಂಟೆ ಅಂದರೆ ಹೊಲದಲ್ಲಿ ಹೊಡೆಯುವುದು ಸರ್. ಜಿಂಬಾಬ್ವೆಯ ಆನೆಗಳು ಕುಂಟೆಗೆ ಬಂದವು ಅಂತ ಓದಿದರೆ ನಾವು ನೊಗ ಹುಡುಕುತ್ತೇವೆ. ಅದೂ ಅಲ್ಲದೆ ನಿಮ್ಮ ಕುಂಟೆ ತೆಲುಗಿನ ಕುಂಟ ಅಲ್ವಾ? 'ಹೊಂಡ' ಎಲ್ಲರಿಗೂ ಗೊತ್ತು. ಸಫಾರಿ ಮೇಲೆ ಯಾಕೆ ಸಿಟ್ಟು? ನಾಗರಹೊಳೆಯಲ್ಲಿ ಹೋಗಿ 'ಎರಡು ಕಾಡುಸುತ್ತು ಕೊಡಿ' ಅಂತ ಕೇಳಿ ನೋಡಿ. ನನ್ನ ಪ್ರಕಾರ ಸಫಾರಿ ನಮ್ಮ ಸವಾರಿಯೇ. ಫ ಇದ್ದದ್ದು ವ ಆಗಿದೆ, ಅಷ್ಟೇ.

ಕೋಲಾರದಿಂದ:
ಕುಂಟೆ, ಕುಂಟ ಒಂದೇ ತಾಯಿಯ ಮಕ್ಕಳು. ಎರವಲಲ್ಲ. ಸವಾರಿಯೂ ಹೊರಗಿನದೇ, ನೆನಪಿರಲಿ.

ಮೈಸೂರಿನಿಂದ:
ಫ ವ ಆಗಿಲ್ಲ. ಸಫಾರಿ ಸ್ವಾಹಿಲಿ. ಪಯಣ ಅಂತ ಅರ್ಥ. ಅದರ ಬೆನ್ನಿಗೆ ಅರಬ್ಬಿಯ 'ಸಫರ್' ಇದೆ. ಸವಾರಿ ಬಂದದ್ದು ಪಾರಸಿಯಿಂದ. ಹಳೆಯ ಪರ್ಷಿಯನ್ನಿನಲ್ಲಿ 'ಅಸಬಾರ', ಕುದುರೆಯ ಮೇಲೆ ಹೋಗುವವನು. ಆ 'ಅಸ' ನಮಗೆ ಗೊತ್ತಿರುವ ಅಶ್ವದ ಒಡಹುಟ್ಟು. ದನಿ ಹತ್ತಿರವಿದೆ ಅಂತ ಬೀಗತನ ಬೆಳೆಸಬೇಡಿ.

'ಹಾಳು' ಬಗ್ಗೆ ಯಾರೂ ಮಾತೇ ಆಡಲಿಲ್ಲ. ಹಾಳು ಹಂಪೆ ಅಂದಾಗ 1565ರ ಸಂಕಟ ಆ ಮಾತಿನೊಳಗೇ ಇದೆ. ಗ್ರೇಟ್ ಜಿಂಬಾಬ್ವೆಯ ಕಥೆ ಬೇರೆ. 15ನೇ ಶತಮಾನದ ಹೊತ್ತಿಗೆ ಜನ ಅಲ್ಲಿಂದ ಎದ್ದುಹೋದರು. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆ ಇವತ್ತಿಗೂ ಕೆಲವೆಡೆ 11 ಮೀಟರ್ ಎತ್ತರಕ್ಕೆ ನಿಂತಿದೆ. ಇದನ್ನು ಆಫ್ರಿಕಾದವರು ಕಟ್ಟಿರಲು ಸಾಧ್ಯವೇ ಇಲ್ಲ ಅಂತ ಬಿಳಿಯರ ಆಳ್ವಿಕೆಯಲ್ಲಿ ಬಹಳ ಕಾಲ ಸಾಧಿಸಿದರು. 1980ರಲ್ಲಿ ಸ್ವತಂತ್ರವಾದ ದೇಶ ಅದೇ ಜಾಗದ ಹೆಸರನ್ನು ತನಗೆ ಇಟ್ಟುಕೊಂಡಿತು. ಶೋನಾ ಭಾಷೆಯಲ್ಲಿ 'ಜಿಂಬಾ ಜ ಮಬ್ವೆ', ಕಲ್ಲಿನ ಮನೆಗಳು. ಅಂಥ ಜಾಗವನ್ನು ಹಾಳು ಅನ್ನಲು ಮನಸ್ಸು ಹೇಗೆ ಬರುತ್ತದೆ ಮೇಷ್ಟ್ರೇ? 'ಕಲ್ಲುಮನೆಗಳು' ಅನ್ನಿ.

ಕೋಲಾರದಿಂದ:
ಕಲ್ಲುಮನೆ ಒಪ್ಪಿದೆ. ಅಚ್ಚಗನ್ನಡ. ಆದರೆ ಹೀಗೆ ಸಿಕ್ಕಸಿಕ್ಕ ಕಡೆಯಿಂದ ಸಾಲ ತಂದರೆ ನಾಳೆ ಮನೆಯಲ್ಲಿ ನಮ್ಮದು ಅಂತ ಏನು ಉಳಿಯುತ್ತದೆ?

ಹಾವೇರಿಯಿಂದ:
ಸಾಲ ಬೇಡದವರು ಮೊದಲು ಈ ಇಮೇಲಿಗೆ ಒಂದು ಪದ ಹುಟ್ಟಿಸಿ.

ಕೇಳಿದವರಿಂದ:
ಪ್ರೆಸ್ಸಿನವರು ಮೂರು ಸಲ ಫೋನ್ ಮಾಡಿದರು. ಹೊಂಡ, ಸಫಾರಿ, ಕಲ್ಲುಮನೆಗಳು ಅಂತ ಹಾಕಿ ಕಳಿಸಿಬಿಟ್ಟೆ. ವಿಕ್ಟೋರಿಯಾ ಜಲಪಾತಕ್ಕೆ ಅಲ್ಲಿನವರು 'ಮೋಸಿ ಓವಾ ತುನ್ಯಾ' ಅನ್ನುತ್ತಾರೆ, ಗುಡುಗುವ ಹೊಗೆ ಅಂತ ಅರ್ಥ. ಅದಕ್ಕೂ ಒಂದು ಪದ ಕೇಳೋಣ ಅಂತಿದ್ದೆ. ಬೇಡ ಬಿಡಿ.