ಕೆಮಿಸ್ಟ್ರಿ ಓದಿದ್ರೆ ಮೆಡಿಕಲ್ ಶಾಪ್ ಇಡಬಹುದಾ?

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಾವು ನಾಲ್ವರು ದಿನಾ ಅರ್ಧ ಸುತ್ತು ನಡೀತೀವಿ. ಉಳಿದರ್ಧವನ್ನು ಹೋಟೆಲಿನಲ್ಲಿ ಕೂತು ಮುಗಿಸ್ತೀವಿ. ಮೊನ್ನೆ ಇಡ್ಲಿ ಬರೋ ಮುಂಚೆಯೇ ಸೀನ ಬಾಯಿ ಬಿಟ್ಟ. "ನಮ್ಮ ಪಲ್ಲವಿ ಇಂಜಿನಿಯರಿಂಗ್ ಬೇಡ ಅಂತಿದಾಳೆ ಕಣ್ರೋ. ಕೆಮಿಸ್ಟ್ರಿ ಓದ್ತಾಳಂತೆ." ಮನೇಲಿ ಯಾರನ್ನೋ ಐಸಿಯುಗೆ ಸೇರಿಸಿದ ಧ್ವನಿ.

"ಅದಕ್ಯಾಕೆ ಅಷ್ಟು ಯೋಚ್ನೆ? ಮೆಡಿಕಲ್ ಶಾಪ್ ಇಡಿಸು," ಅಂದ ಗುಂಡಣ್ಣ. "ಬೋರ್ಡಿನ ಮೇಲೇ ಇರುತ್ತಲ್ಲ, ಕೆಮಿಸ್ಟ್ಸ್ ಅಂಡ್ ಡ್ರಗಿಸ್ಟ್ಸ್ ಅಂತ."

ನಾನು ಸುಮ್ಮನಿರಲಾಗಲಿಲ್ಲ. "ಅಲ್ಲಿ ಔಷಧ ಕೊಡೋಕೆ ಫಾರ್ಮಸಿ ಓದಿರಬೇಕು ಮಾರಾಯ. ನಾನು ಎಮ್ಮೆಸ್ಸಿ ಕೆಮಿಸ್ಟ್ರಿ ಮಾಡಿ 28 ವರ್ಷ ಔಷಧ ಕಂಪನೀಲಿ ಮಾತ್ರೆ ಪರೀಕ್ಷೆ ಮಾಡಿದೀನಿ. ಆದ್ರೂ ಅಂಗಡಿ ಕೌಂಟರಿನ ಆ ಕಡೆ ಫಾರ್ಮಸಿಸ್ಟ್ ಅಂತ ನಿಲ್ಲೋ ಯೋಗ್ಯತೆ ನಂಗಿಲ್ಲ."

"ಹಂಗಾದ್ರೆ ಕೆಮಿಕಲ್ ಇಂಜಿನಿಯರಿಂಗ್ ಕೊಡಿಸು, ಎರಡೂ ಒಂದೇ," ಅಂದ್ರು ವಾಸು ಮೇಷ್ಟ್ರು. ಅವರು 30 ವರ್ಷ ಸಮಾಜ ವಿಜ್ಞಾನ ಹೇಳಿದವರು. ಹಂಗಾಗಿ ಉಳಿದ ವಿಜ್ಞಾನಗಳ ಬಗ್ಗೆ ಧೈರ್ಯ ಜಾಸ್ತಿ.

"ಎರಡೂ ಒಂದೇ ಅಲ್ಲ ಮೇಷ್ಟ್ರೇ. ಲೋಟದಷ್ಟು ಹೊಸ ಪದಾರ್ಥ ಮಾಡಿ ತೋರಿಸೋನು ಕೆಮಿಸ್ಟು. ಅದನ್ನೇ ಹತ್ತು ಟನ್ ಮಾಡಿ, ಸಿಡಿಯದ ಹಾಗೆ ನೋಡ್ಕೊಳ್ಳೋನು ಕೆಮಿಕಲ್ ಇಂಜಿನಿಯರು. ಅವನಿಗೆ ಪೈಪು, ಪಂಪು, ಶಾಖದ ಲೆಕ್ಕಾನೇ ಹೆಚ್ಚು. ಮನೆ ಸಾರಿಗೂ ಮದುವೆ ಮನೆ ಸಾರಿಗೂ ಇರೋ ವ್ಯತ್ಯಾಸ. ಮನೇಲಿ ಹಾಕೋ ಚಿಟಿಕೆ ಇಂಗನ್ನ ಸಾವಿರದಿಂದ ಗುಣಿಸಿ ಕೊಪ್ಪರಿಗೆಗೆ ಸುರಿದ್ರೆ ಛತ್ರವೇ ಖಾಲಿ."

ಸೀನನ ಮುಖ ಸಡಿಲ ಆಗಲಿಲ್ಲ. "ಕೆಲಸ ಎಲ್ಲಿ ಸಿಗುತ್ತೆ ಅದು ಹೇಳು."

"ಮೈಸೂರಲ್ಲಿ ಕೂತು ಕೇಳೋ ಪ್ರಶ್ನೆಯೇನೋ ಇದು? ವೋಟ್ ಹಾಕಿದಾಗ ನಿನ್ನ ಬೆರಳಿಗೆ ಹಚ್ಚೋ ಶಾಯಿ ಎಲ್ಲಿಂದ ಬರುತ್ತೆ? ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ನಮ್ಮೂರಿನ ಅರಗು ಬಣ್ಣದ ಕಾರ್ಖಾನೆಯಿಂದ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೂತ್ರ ಕೊಡ್ತು, 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ನಮ್ಮೂರಿನ ಶಾಯಿ. ಅದರಲ್ಲಿರೋದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದ ಹಾಗೆಲ್ಲ ಕಪ್ಪಾಗ್ತಾ ಹೋಗುತ್ತೆ."

"ಅದಕ್ಕೇ ನಮ್ಮವಳು ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ!" ಅಂದ ಗುಂಡಣ್ಣ ಬೆರಳು ನೋಡ್ಕೊಂಡು.

ಸ್ಯಾಂಡಲ್ ಸೋಪಿನ ಕಥೆಯನ್ನೂ ಎಳೆದೆ. ಮೊದಲ ಮಹಾಯುದ್ಧದಲ್ಲಿ ನಮ್ಮ ಗಂಧ ಯೂರೋಪಿಗೆ ಹೋಗೋದು ನಿಂತಿತು, ರಾಶಿ ಬಿದ್ದ ಮರದಿಂದ ಇಲ್ಲೇ ಎಣ್ಣೆ ತೆಗೆಯೋಕೆ ಶುರುಮಾಡಿದ್ರು. ಕೆಮಿಸ್ಟ್ ಎಸ್.ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಕಲಿತು ಬಂದು ಆ ಸೋಪಿನ ಪರಿಮಳ ಹದ ಮಾಡಿದ್ರು.

"ಅಂದ್ರೆ ಯುದ್ಧ ಆದ್ರೇನೇ ಕೆಲಸ ಸಿಗೋದು ಅನ್ನು," ಅಂದ ಗುಂಡಣ್ಣ. ಇವನ ಹತ್ರ ಮಾತಾಡೋದಕ್ಕಿಂತ ಗೋಡೆಗೆ ಸುಣ್ಣ ಹೊಡೆಯೋದು ವಾಸಿ.

ಸುಳ್ಳು ಯಾಕೆ, ಬರೀ ಬಿಎಸ್ಸಿಗೆ ನಿಲ್ಲಿಸಿದ್ರೆ ಏನಾಗುತ್ತೆ ಅಂತಾನೂ ಹೇಳಿದೆ. ಕಾರ್ಖಾನೆಯ ಕ್ಯೂಸಿ ಲ್ಯಾಬಲ್ಲಿ, ಅಂದ್ರೆ ಮಾಲಿನ ಗುಣಮಟ್ಟ ಪರೀಕ್ಷೆ ಮಾಡೋ ಕಡೆ, ಶಿಫ್ಟ್ ಕೆಲಸ. ರಾತ್ರಿ ಎರಡು ಗಂಟೆಗೆ, ಮಾತ್ರೇಲಿ ಏನೇನು ಎಷ್ಟೆಷ್ಟಿದೆ ಅಂತ ಬೇರೆ ಮಾಡಿ ಅಳೆಯೋ ಎಚ್‌ಪಿಎಲ್‌ಸಿ ಮೆಷಿನ್ ಮುಂದೆ ಕೂತು, ಗ್ರಾಫಿನ ಗೆರೆ ಮೇಲೇಳೋದನ್ನೇ ಕಾಯೋದು. ನಿನ್ನೆ ಮಾಡಿದ ಪರೀಕ್ಷೆಯನ್ನೇ ಇವತ್ತೂ ನಾಳೆಯೂ ಬೇಸರವಿಲ್ಲದೆ ಮಾಡಬೇಕು. ಮಾಡಿದ್ದನ್ನೆಲ್ಲ ಬರೀಬೇಕು. ತಪ್ಪಾದ್ರೆ ಗೀಚಿ ಮುಚ್ಚೋ ಹಾಗಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು. ಆ ಚಟ ನಂಗೆ ಇನ್ನೂ ಬಿಟ್ಟಿಲ್ಲ. ದಿನಸಿ ಚೀಟೀಲಿ ಉದ್ದಿನಬೇಳೆ ಒಂದು ಕೆಜಿ ಹೊಡೆದು ಅರ್ಧ ಅಂತ ತಿದ್ದಿದ್ರೂ ಸಹಿ ಹಾಕ್ತೀನಿ. ಅಂಗಡಿ ಶೆಟ್ರು ಮೊದಮೊದಲು ಚೆಕ್ಕು ಅಂದ್ಕೊಂಡಿದ್ರು.

"ಹಂಗಾಗಿ ಎಮ್ಮೆಸ್ಸಿ ಮಾಡಿಸು. ಜಾಮ್ ಬರೀಲಿ."

"ಜಾಮ್ ತಿನ್ನೋದಲ್ವಾ?"

"ಐಐಟಿ, ಐಐಎಸ್ಸಿ ಎಮ್ಮೆಸ್ಸಿಗೆ ಸೇರೋ ಪರೀಕ್ಷೆ ಕಣೋ ಅದು. ತಿನ್ನೋ ಜಾಮ್ ಮೇಲೇ ಆಸೆ ಇದ್ರೆ ಅದಕ್ಕೂ ಇಲ್ಲೇ ಆಹಾರ ಸಂಶೋಧನೆ ಮಾಡೋ ಸಿಎಫ್‌ಟಿಆರ್‌ಐ ಇದೆ, 1950ರಿಂದ. ಪಾಠ ಹೇಳೋ ಮನಸ್ಸಿದ್ರೆ ಮಾನಸಗಂಗೋತ್ರಿ ಪಕ್ಕದ, ಮೇಷ್ಟ್ರುಗಳನ್ನ ತಯಾರು ಮಾಡೋ ಆರ್‌ಐಇಲಿ ಬಿಎಸ್ಸಿ ಜೊತೆಗೇ ಬಿಎಡ್ ಮುಗಿಯುತ್ತೆ. ಇನ್ನು ಫೊರೆನ್ಸಿಕ್ ಲ್ಯಾಬು, ಪೇಟೆಂಟ್ ಆಫೀಸು, ಕಾಫಿ ಬೋರ್ಡಿನ ಕಾಫಿ ರುಚಿ ನೋಡೋ ಡಿಪ್ಲೊಮಾ..."

"ಕಾಫಿ ಕುಡಿಯೋಕೂ ಡಿಪ್ಲೊಮಾನಾ?" ವಾಸು ಮೇಷ್ಟ್ರು ಲೋಟ ಕೆಳಗಿಟ್ರು. ಸೇವೆಯಲ್ಲಿದ್ದಷ್ಟೂ ಕಾಲ ಸ್ಟಾಫ್ ರೂಮಲ್ಲಿ ಪುಕ್ಕಟೆ ಕುಡಿದ ನೋವು ಮುಖದಲ್ಲಿ ಕಾಣ್ತಿತ್ತು.

"ಅಷ್ಟು ದೊಡ್ಡ ಕೆಮಿಸ್ಟ್ ಸಿ.ಎನ್.ಆರ್. ರಾವ್ ಅವರೂ 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿಎಸ್ಸಿನೇ," ಅಂತ ನಾನು ಸೇರಿಸಿದೆ. ಸೀನನ ಕಣ್ಣಲ್ಲಿ ಭಾರತರತ್ನ ಮಿಂಚಿತು. ಇದೇ ತೊಂದರೆ ನೋಡಿ, ಅಪ್ಪಂದಿರಿಗೆ ಒಂದೋ ಮೆಡಿಕಲ್ ಶಾಪು, ಇಲ್ಲ ಭಾರತರತ್ನ. ನಡುವೆ ಇರೋ ನೂರೆಂಟು ಕೆಲಸ ಕಣ್ಣಿಗೇ ಬೀಳಲ್ಲ.

ಅಷ್ಟರಲ್ಲಿ ಸಪ್ಲೈಯರ್ ಹುಡುಗನ ಬಕೆಟ್ ಮೇಜಿಗೆ ತಾಗಿ ಗುಂಡಣ್ಣನ ಬಿಳಿ ಪಂಚೆ ಮೇಲೆ ಸಾಂಬಾರ್ ಅಭಿಷೇಕ. ಅವನು ಬೇಸಿನ್ ಹತ್ರ ಓಡಿ, ಅಲ್ಲಿದ್ದ ಬಟ್ಟೆ ಸೋಪಿನ ತುಂಡಲ್ಲಿ ಗಸಗಸ ಉಜ್ಜಿದ. ಹಳದಿ ಕಲೆ ಕುಂಕುಮದ ಹಾಗೆ ಕೆಂಪಾಯ್ತು. "ಅಯ್ಯೋ, ರಕ್ತ!" ಅಂದ. ಎಲ್ಲಿ ಗಾಯ ಅಂತ ಅವನಿಗೂ ಗೊತ್ತಿಲ್ಲ.

ಸೀನ ಮರೆತು ಬಂದ ಮೊಬೈಲ್ ಕೊಡೋಕೆ ಪಲ್ಲವಿ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಳು. ಪಂಚೆ ನೋಡಿ ನಕ್ಕಳು. "ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕ್ತಾರಲ್ಲ ಅಂಕಲ್, ಇದೂ ಅದೇ. ಅರಿಶಿನಕ್ಕೆ ಕ್ಷಾರ ಸೋಕಿದ್ರೆ ಕೆಂಪು." ಸಪ್ಲೈಯರ್ ಕೈಲಿ ಅರ್ಧ ನಿಂಬೆಹಣ್ಣು ತರಿಸಿ ಕಲೆ ಮೇಲೆ ಹಿಂಡಿದಳು. ಕೆಂಪು ಹೋಗಿ ಮತ್ತೆ ಹಳದಿ.

"ಹಳದಿನೂ ಹೋಗ್ಬೇಕಲ್ಲಮ್ಮ?"

"ಬಿಸಿಲಿಗೆ ಹಾಕಿ ಅಂಕಲ್. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲಲ್ಲ."

"ಇಲ್ಲೇ ಪಂಚೆ ಬಿಚ್ಚಿ ಒಣಹಾಕ್ಲಾ?"

"ಬೇಡ ಬೇಡ. ಉಟ್ಕೊಂಡೇ ಕೆರೆ ಸುತ್ತ ಒಂದು ಸುತ್ತು ಹೊಡೀರಿ."

ಅವತ್ತು ಗುಂಡಣ್ಣ ಪೂರ್ತಿ ಸುತ್ತು ನಡೆದ. ಕಲೆಗೆ ಬಿಸಿಲು ಬೀಳಲಿ ಅಂತ, ಕೆಲವು ಕಡೆ ಹಿಂದುಹಿಂದಕ್ಕೆ.